ಗೋಡೆ ಮಾಲೀಕರದು, ರ್ಯಾಕು ನಮ್ಮದು

ಹಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿ ಇರುವವರು ಯಾರು ಎಂದು ಕೇಳುವವರಿದ್ದಾರೆ. ಲೆಕ್ಕವೂ ಅವರ ಕಡೆಗೇ ಇದೆ. 2011ರ ಜನಗಣತಿಯ ಪ್ರಕಾರ ದೇಶದ ಒಟ್ಟು ಕುಟುಂಬಗಳಲ್ಲಿ ಬಾಡಿಗೆ ಮನೆಯಲ್ಲಿದ್ದವು ಶೇ 11.1. ನಗರಗಳಲ್ಲಿ ಶೇ 27.5 ಇದ್ದ ಈ ಪ್ರಮಾಣ ಹಳ್ಳಿಗಳಲ್ಲಿ ಬರೀ ಶೇ 3.4. ಆದರೆ ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಪೂರ್ವ ಭಾಗದ ಸಂಖದಂಥ ಊರಿನಲ್ಲಿ ಬಾಡಿಗೆಗೆ ಇರುವವರು ಎಂಥವರು ಎಂದು ನೋಡಿದರೆ ವಿಷಯ ಸಣ್ಣದಲ್ಲ ಎಂದು ಗೊತ್ತಾಗುತ್ತದೆ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗೆ ವರ್ಗವಾಗಿ ಬಂದ ಮಾಸ್ತರರು, ದವಾಖಾನೆಯ ನರ್ಸು, ಬ್ಯಾಂಕಿನ ಕ್ಯಾಶಿಯರು, ಕರೆಂಟಿನ ವಾಯರಮನ್ನು, ಅಪ್ಪರ್ ತಹಸೀಲ್ದಾರ್ ಕಚೇರಿಯ ಗುಮಾಸ್ತರು, ಊರಿಗೆ ಅಂಗಡಿ ಹಾಕಲು ಬಂದ ಹೊರಗಿನವರು: ಊರಿನ ದಿನನಿತ್ಯದ ವ್ಯವಹಾರ ನಡೆಯುವುದೇ ಇಂಥವರಿಂದ. ಇವರಲ್ಲಿ ಹೆಚ್ಚಿನವರು ಕೆಲ ವರ್ಷ ಇದ್ದು ಮತ್ತೊಂದು ಊರಿಗೆ ಹೋಗುವವರು. ಅತ್ತ ಇದೇ ಭಾಗದ ಹುಡುಗರು ಹುಡುಗಿಯರು ಓದು, ನೌಕರಿ ಎಂದು ಸಾಂಗಲಿ, ಸೊಲ್ಲಾಪುರ, ಪುಣೆ, ವಿಜಯಪುರ, ಬೆಂಗಳೂರುಗಳಲ್ಲಿ ಖೋಲಿ ಹಿಡಿದಿದ್ದಾರೆ. ಬರುವವರಿಗೂ ಹೋಗುವವರಿಗೂ ಇರುವ ಒಂದು ನಿತ್ಯದ ತೊಂದರೆ ಎಂದರೆ ಸಾಮಾನು ಇಡುವ ಜಾಗ. ಭಾಂಡೆ, ಡಬ್ಬಿ, ಪುಸ್ತಕ, ಹಾಸಿಗೆ, ನೀರಿನ ಕೊಡ, ವರ್ಷದ ಜೋಳ, ಎಲ್ಲವೂ ಬೇಕು. ಇವನ್ನೆಲ್ಲ ಇಡುವ ಗೋಡೆ ಮಾತ್ರ ತಮ್ಮದಲ್ಲ.

ನನ್ನ ವಾದ ಇಷ್ಟು. ಬಾಡಿಗೆಗೆ ಇರುವವರು ಗೋಡೆಗೆ ಕೂಡಿಸುವ ಶೆಲ್ಫಿನ ಆಸೆ ಬಿಡಬೇಕು. ನೆಲದ ಮೇಲೆ ತನ್ನ ಕಾಲ ಮೇಲೆ ತಾನೇ ನಿಲ್ಲುವ, ಪಾನಾ ಒಂದರಿಂದ ಬಿಚ್ಚಿ ಮತ್ತೆ ಕೂಡಿಸಬಲ್ಲ ರ್ಯಾಕಿನಲ್ಲಿ ಹಣ ಹಾಕಬೇಕು. ಅದನ್ನು ಈಗಿರುವ ಮನೆಯ ಅಳತೆ ನೋಡಿ ಕೊಳ್ಳಬಾರದು. ಯಾವ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವ ಬಿಡಿಭಾಗದ ಅಳತೆ ನೋಡಿ ಕೊಳ್ಳಬೇಕು. ಮಾಡ್ಯುಲರ್ ಎಂಬ ಹೆಸರಿನಲ್ಲಿ ಇಂದು ಮಾರಾಟವಾಗುವ ಸಾಮಾನಿನಲ್ಲಿ ಬಹುಪಾಲಿಗೆ ಬಿಡಿಭಾಗ ಎಲ್ಲೆಡೆ ಸಿಗುವ ಈ ಗುಣವಿಲ್ಲ. ಅದು ಇರುವ ಒಂದು ವಸ್ತು ಮಾತ್ರ ನಮ್ಮ ಕಿರಾಣಿ ಅಂಗಡಿಗಳಲ್ಲಿ, ಔಷಧದ ಅಂಗಡಿಗಳಲ್ಲಿ, ಕಚೇರಿಗಳ ದಫ್ತರ ಖೋಲಿಯಲ್ಲಿ ಎಷ್ಟೋ ವರ್ಷಗಳಿಂದ ನಿಂತಿದೆ. ಅದನ್ನು ಮನೆಯ ಸಾಮಾನು ಎಂದು ನಾವು ಗಣಿಸಿಲ್ಲ, ಅಷ್ಟೇ.

ಗೋಡೆಯಿಂದಲೇ ಶುರುಮಾಡೋಣ, ಏಕೆಂದರೆ ಮಾಲೀಕರ ಅನುಮತಿಯ ಪ್ರಶ್ನೆಗಿಂತ ಮೊದಲು ಬರುವುದು ಗೋಡೆಯ ತಾಕತ್ತಿನ ಪ್ರಶ್ನೆ. ಈ ಭಾಗದ ಹಳೆಯ ಮನೆಗಳು ಕಲ್ಲು ಮಣ್ಣಿನವು. ಒಂದೂವರೆ ಎರಡು ಅಡಿ ದಪ್ಪದ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಕಟ್ಟಿದವರು ಸಾಮಾನಿನ ಲೆಕ್ಕವನ್ನು ಗೋಡೆಯ ಒಳಗೇ ಹಾಕಿದ್ದರು. ದೀಪಕ್ಕೆ, ದೇವರಿಗೆ, ಡಬ್ಬಿಗೆ ಒಂದೊಂದು ಮಾಡ, ತೊಲೆಯಿಂದ ಇಳಿಬಿಟ್ಟ ನೆಲುವು, ಅಡುಗೆಮನೆಯ ಮೂಲೆಯಲ್ಲಿ ಅಟ್ಟ. ಕೂಡಿ ಬಾಳುವ ಒಂದೇ ಮನೆತನ ತಲೆಮಾರು ಇರುವ ಮನೆಗೆ ಅದು ಸರಿಯಾದ ಲೆಕ್ಕ. ಅದೇ ಮನೆಯ ಎರಡು ಖೋಲಿಯನ್ನು ಬಾಡಿಗೆಗೆ ಕೊಟ್ಟಾಗ ಮಾಡವೂ ಅಟ್ಟವೂ ಸಾಲುವುದಿಲ್ಲ, ಹೊಸದಾಗಿ ಮೊಳೆ ಹೊಡೆಯಲೂ ಬರುವುದಿಲ್ಲ. ಮೊಳೆ ಕಲ್ಲಿಗೆ ಬಡಿದರೆ ಬಾಗುತ್ತದೆ, ಕಲ್ಲುಗಳ ನಡುವಿನ ಸಂದಿಗೆ ಬಡಿದರೆ ಮಣ್ಣು ಉದುರುತ್ತದೆ. ಡ್ರಿಲ್ ಹಾಕಿ ಪ್ಲಗ್ ಕೂಡಿಸಿದರೂ ಅದರ ಸುತ್ತ ಹಿಡಿತಕ್ಕೆ ಗಟ್ಟಿ ಪದಾರ್ಥವೇ ಇರುವುದಿಲ್ಲ. ಹೊಸ ಮನೆಗಳದು ಬೇರೆ ಕಥೆ. ಟೊಳ್ಳು ಸಿಮೆಂಟ್ ಬ್ಲಾಕಿನ ಗೋಡೆಯಲ್ಲಿ ಸ್ಕ್ರೂ ನಿಲ್ಲುವುದು ಒಂದು ಇಂಚಿನ ಸಿಪ್ಪೆಯಲ್ಲಿ. ನಾಲ್ಕಿಂಚಿನ ಇಟ್ಟಿಗೆಯ ಅಡ್ಡಗೋಡೆಯಲ್ಲಿ ಭಾರ ಹೊತ್ತ ಬ್ರ್ಯಾಕೆಟ್ಟು ಪ್ಲಾಸ್ಟರನ್ನೇ ಕಿತ್ತುಕೊಂಡು ಬರಬಹುದು. ಇನ್ನು ನೆಲದಿಂದ ಛತ್ತಿನವರೆಗೆ ಒತ್ತಿ ನಿಲ್ಲಿಸುವ ಸ್ಪ್ರಿಂಗ್ ಕಂಬಗಳು. ನಗರದ ಬಾಡಿಗೆದಾರರಿಗೆ ಇವನ್ನು ಹೇಳಿಕೊಡುವವರು ಬಹಳ. ಪತ್ರಾಸ್ ಹೊದಿಸಿದ ಮನೆಯಲ್ಲಾಗಲಿ ಮಣ್ಣಿನ ಮಾಳಿಗೆಯ ಕೆಳಗಾಗಲಿ ಅವು ನಿಲ್ಲುವುದಿಲ್ಲ, ಒತ್ತಲು ಮೇಲೆ ಗಟ್ಟಿ ಸ್ಲ್ಯಾಬೇ ಬೇಕು. ನಗರದ ಫ್ಲ್ಯಾಟಿಗೆಂದು ಹುಟ್ಟಿದ ಉಪಾಯವನ್ನು ಸಂಖದ ಮನೆಗೆ ತರುವ ಮೊದಲು ಈ ಗೋಡೆಯನ್ನೂ ಈ ಛತ್ತನ್ನೂ ನೋಡಬೇಕು.

ಕಾನೂನು ಏನು ಹೇಳುತ್ತದೆ ಎಂಬುದೂ ತಿಳಿದಿರಲಿ, ಏಕೆಂದರೆ ಬಾಡಿಗೆದಾರರಲ್ಲಿ ಅರ್ಧ ಭಯ ಇದರ ಬಗ್ಗೆಯೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಮನೆ ಕೊಟ್ಟವರ, ಪಡೆದವರ ಹಕ್ಕು ಬಾಧ್ಯತೆಗಳನ್ನು ಹೇಳುತ್ತದೆ. ಕರಾರಿನಲ್ಲಾಗಲಿ ಸ್ಥಳೀಯ ರೂಢಿಯಲ್ಲಾಗಲಿ ಬೇರೆ ಮಾತು ಇಲ್ಲದಿದ್ದರೆ ಅದೇ ಅನ್ವಯ. ಅದರ ಪ್ರಕಾರ ಬಾಡಿಗೆದಾರರು ಮಾಲೀಕರ ಒಪ್ಪಿಗೆಯಿಲ್ಲದೆ ಕಾಯಂ ಕಟ್ಟಡವನ್ನು ಎಬ್ಬಿಸುವಂತಿಲ್ಲ. ಬಳಸಿ ಸವೆದದ್ದನ್ನು ಬಿಟ್ಟು ಉಳಿದಂತೆ ಮನೆಯನ್ನು ತೆಗೆದುಕೊಂಡ ಸ್ಥಿತಿಯಲ್ಲೇ ಒಪ್ಪಿಸಬೇಕು. ಅದೇ ಕಲಮು ಇನ್ನೊಂದು ಮಾತನ್ನೂ ಹೇಳುತ್ತದೆ: ತಾವು ಕೂಡಿಸಿದ್ದನ್ನು ಮನೆ ತಮ್ಮ ಸ್ವಾಧೀನದಲ್ಲಿ ಇರುವವರೆಗೆ ತೆಗೆದುಕೊಂಡು ಹೋಗುವ ಹಕ್ಕು ಬಾಡಿಗೆದಾರರಿಗೆ ಇದೆ, ಮನೆ ಮೊದಲಿದ್ದಂತೆ ಇರಬೇಕು ಎಂಬ ಷರತ್ತಿನ ಮೇಲೆ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆ ಎಲ್ಲ ಊರಿಗೂ ಅನ್ವಯಿಸುವುದಿಲ್ಲ, ಆದರೂ ಅದರ 16ನೇ ಕಲಮಿನ ವಿವರಣೆ ಗಮನಿಸುವಂಥದ್ದು. ಒಪ್ಪಿಗೆಯಿಲ್ಲದೆ ಕಾಯಂ ಕಟ್ಟಡ ಮಾಡಿದರೆ ಮನೆ ಬಿಡಿಸಬಹುದು ಎನ್ನುವ ಆ ಕಾಯ್ದೆ, ಕಟ್ಟಿಗೆಯ ಪಾರ್ಟಿಷನ್ನು, ನಿಂತು ಅಡುಗೆ ಮಾಡುವ ಕಟ್ಟೆ, ಹೊಗೆಯ ಚಿಮಣಿ ಇಂಥವನ್ನು ಕಾಯಂ ಕಟ್ಟಡದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದರೆ ಒಂದು ಶೆಲ್ಫಿನ ಸಲುವಾಗಿ ಯಾರೂ ಕೋರ್ಟಿನ ಕಟ್ಟೆ ಹತ್ತಬೇಕಾಗಿಲ್ಲ. ತಂಟೆ ಬರುವುದು ಬೇರೆ ಕಡೆ: ‘ಮೊದಲಿದ್ದಂತೆ’ ಎಂದರೆ ಹೇಗೆ, ಆರು ತೂತು ಮುಚ್ಚಿ ಸುಣ್ಣ ಹಚ್ಚಿದರೆ ಆಯಿತೋ, ಇಡೀ ಗೋಡೆಗೆ ಬಣ್ಣ ಬಳಿಸಬೇಕೋ ಎಂಬಲ್ಲಿ. ಡಿಪಾಜಿಟ್ ಹಿಡಿದುಕೊಳ್ಳುವುದು ಇಂಥ ಅಸ್ಪಷ್ಟ ಜಾಗದಲ್ಲೇ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಕೇಳುವ ರೂಢಿಯಿರುವ ಬೆಂಗಳೂರಿನಲ್ಲಿ ಈ ತೂತುಗಳ ಬೆಲೆ ಇನ್ನೂ ದೊಡ್ಡದು.

ಜಪಾನಿನವರು ಈ ಜಗಳವನ್ನು ಬರೆದಿಟ್ಟು ಕಡಿಮೆ ಮಾಡಿಕೊಂಡರು. ಮನೆ ಬಿಡುವಾಗ ಯಾವ ದುರಸ್ತಿ ಯಾರ ಪಾಲು ಎಂದು ಅಲ್ಲಿನ ಸರ್ಕಾರ 1998ರಲ್ಲಿ ಒಂದು ಮಾರ್ಗಸೂಚಿ ಹೊರಡಿಸಿತು, ಮುಂದೆ ಅದನ್ನು ತಿದ್ದುತ್ತ ಬಂತು. ಕ್ಯಾಲೆಂಡರ್ ತೂಗುಹಾಕಲು ಚುಚ್ಚಿದ ಪಿನ್ನಿನ ತೂತು ಸಹಜ ಬಳಕೆ, ಅದರ ಖರ್ಚು ಮಾಲೀಕರದು. ಒಳಗಿನ ಹಲಗೆಯನ್ನೇ ಬದಲಿಸಬೇಕಾಗುವಂಥ ಮೊಳೆ, ಸ್ಕ್ರೂಗಳ ತೂತು ಬಾಡಿಗೆದಾರರ ಹೊಣೆ. ಗೆರೆ ಇಷ್ಟು ಸ್ಪಷ್ಟವಾಗಿ ಬಿದ್ದದ್ದರಿಂದ ಅಲ್ಲಿ ಗೋಡೆ ಮುಟ್ಟದ ಶೆಲ್ಫುಗಳದೇ ಒಂದು ದೊಡ್ಡ ಮಾರುಕಟ್ಟೆ ಇದೆ. ನಮ್ಮಲ್ಲಿ ಇಂಥ ಗೆರೆ ಇಲ್ಲ. ಹನ್ನೊಂದು ತಿಂಗಳ ಕರಾರು ಮಾತ್ರ ಇದೆ, ಏಕೆಂದರೆ ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು 1908ರ ನೋಂದಣಿ ಕಾಯ್ದೆಯಂತೆ ಕಡ್ಡಾಯವಾಗಿ ನೋಂದಾಯಿಸಬೇಕು. ಹಳ್ಳಿಯಲ್ಲಿ ಎಷ್ಟೋ ಸಲ ಆ ಕಾಗದವೂ ಇರುವುದಿಲ್ಲ, ಬಾಯಿಮಾತಿನ ಮೇಲೆಯೇ ನಡೆಯುತ್ತದೆ. ಬಾಯಿಮಾತು ಕೆಟ್ಟದ್ದಲ್ಲ. ಆದರೆ ಬಾಯಿಮಾತಿನ ಮೇಲೆ ಇರುವವರು ಗೋಡೆಗೆ ಕೈ ಹಚ್ಚದಿರುವುದೇ ಸಂಬಂಧಕ್ಕೂ ಒಳ್ಳೆಯದು.

ಈಗ ಆ ರ್ಯಾಕಿನ ಮಾತಿಗೆ ಬರುತ್ತೇನೆ. ಲಂಡನ್ನಿನಲ್ಲಿ ಅಚ್ಚುಕೂಟ ನಡೆಸುತ್ತಿದ್ದ ಡಿಮೆಟ್ರಿಯಸ್ ಕೊಮಿನೋ ಎಂಬ ಎಂಜಿನಿಯರ್ ತನ್ನ ಕಾರ್ಖಾನೆಗೆ ರ್ಯಾಕು, ಬೆಂಚುಗಳನ್ನು ಪ್ರತಿ ಸಲ ಹೊಸದಾಗಿ ಕತ್ತರಿಸಿ ಜೋಡಿಸುವ ಕಷ್ಟ ನೋಡಿ ಬೇಸತ್ತವನು. ಎಲ್ ಆಕಾರಕ್ಕೆ ಮಡಚಿದ ಉಕ್ಕಿನ ಪಟ್ಟಿಗೆ ಉದ್ದಕ್ಕೂ ಒಂದೇ ಕ್ರಮದಲ್ಲಿ ತೂತು ಹೊಡೆದಿಟ್ಟರೆ, ಯಾವುದನ್ನು ಯಾವುದಕ್ಕೆ ಬೇಕಾದರೂ ಬೋಲ್ಟಿನಿಂದ ಕೂಡಿಸಬಹುದು, ಬೇಡವಾದಾಗ ಬಿಚ್ಚಿ ಬೇರೆ ಏನನ್ನಾದರೂ ಮಾಡಬಹುದು ಎಂಬುದು ಅವನ ಯೋಚನೆ. 1947ರಲ್ಲಿ ಡೆಕ್ಸಿಯನ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ನಮ್ಮ ಅಂಗಡಿಗಳಲ್ಲಿ ಸ್ಲಾಟೆಡ್ ಆ್ಯಂಗಲ್ ರ್ಯಾಕ್ ಎಂದು ಸಿಗುವುದು ಅದೇ ವಿಚಾರದ ಸಂತಾನ. ಹತ್ತಿರದಿಂದ ನೋಡಿದರೆ ಅದರಲ್ಲಿ ಇರುವುದು ನಾಲ್ಕೇ ಜಾತಿಯ ಭಾಗಗಳು: ತೂತಿನ ಕಂಬ ನಾಲ್ಕು, ಅಂಚು ಮಡಚಿದ ತಗಡಿನ ತಟ್ಟೆಗಳು, ಮೂಲೆಗೆ ಕೂಡಿಸುವ ತ್ರಿಕೋನದ ಚಿಕ್ಕ ತಗಡುಗಳು, ನಟ್ಟು ಬೋಲ್ಟುಗಳು. ಒಂದು ತಟ್ಟೆಯ ಪ್ರತಿ ಮೂಲೆಗೆ ಎರಡು ಬೋಲ್ಟಿನಂತೆ ಎಂಟು, ಐದು ತಟ್ಟೆಗೆ ನಲವತ್ತು. ಕಂಬಗಳನ್ನು ನೆಲದ ಮೇಲೆ ಮಲಗಿಸಿ, ಮೊದಲು ಮೇಲಿನ ಮತ್ತು ಕೆಳಗಿನ ತಟ್ಟೆಯನ್ನು ಸಡಿಲವಾಗಿ ಕೂಡಿಸಿ, ಎತ್ತಿ ನಿಲ್ಲಿಸಿ, ಮೂಲೆ ನೇರವಾಗಿವೆಯೇ ಎಂದು ನೋಡಿಕೊಂಡ ಮೇಲೆಯೇ 12–13ರ ಪಾನಾದಿಂದ ಬಿಗಿಯಬೇಕು. ಮೊದಲೇ ಬಿಗಿದರೆ ಕೊನೆಯ ತಟ್ಟೆಯ ತೂತು ಕಂಬದ ತೂತಿಗೆ ಕೂಡುವುದಿಲ್ಲ. ತ್ರಿಕೋನದ ತಗಡನ್ನು ‘ಬೇಕಾಗಿಲ್ಲ’ ಎಂದು ಬಿಡುವವರಿದ್ದಾರೆ. ರ್ಯಾಕು ಅಡ್ಡಕ್ಕೆ ವಾಲದಂತೆ ಹಿಡಿಯುವುದು ಅದೇ, ಅದನ್ನು ಬಿಡಬಾರದು. ಫರ್ಸಿಯ ನೆಲ ಏರುತಗ್ಗು ಇದ್ದರೆ ತಗ್ಗಿದ ಕಾಲಿನ ಕೆಳಗೆ ಶಹಾಬಾದಿ ಕಲ್ಲಿನ ಚೂರು ಕೊಟ್ಟು ಮಟ್ಟ ಮಾಡಬೇಕು.

ಈ ಸಾಧಾರಣ ವಸ್ತುವನ್ನು ನಾನು ಹೊಗಳುವುದಕ್ಕೆ ಕಾರಣ ಅದರ ಅಳತೆಯ ಸ್ಥಿರತೆ. ಮೂರಡಿ ಉದ್ದ, ಹನ್ನೆರಡು, ಹದಿನೈದು ಅಥವಾ ಹದಿನೆಂಟು ಇಂಚು ಆಳದ ತಟ್ಟೆ ಎಂದರೆ ಜತ್ತದ ಅಂಗಡಿಯವರಿಗೂ ಗೊತ್ತು, ವಿಜಯಪುರದವರಿಗೂ ಗೊತ್ತು, ಪುಣೆಯವರಿಗೂ ಗೊತ್ತು. ಸಂಖದಲ್ಲಿ ಐದು ತಟ್ಟೆಯೊಂದಿಗೆ ಶುರುವಾದ ರ್ಯಾಕಿಗೆ ಸಾಂಗಲಿಯಲ್ಲಿ ಇನ್ನೆರಡು ತಟ್ಟೆ ಸೇರಿಸಬಹುದು, ಬೆಂಗಳೂರಿನ ಸಣ್ಣ ಖೋಲಿಯಲ್ಲಿ ಕಂಬ ಕತ್ತರಿಸಿ ಎರಡು ಗಿಡ್ಡ ರ್ಯಾಕು ಮಾಡಬಹುದು. ಜರ್ಮನಿಯ ವಿನ್ಯಾಸಕಾರ ಡೀಟರ್ ರಾಮ್ಸ್ 1960ರಲ್ಲಿ ರೂಪಿಸಿದ 606 ಎಂಬ ಶೆಲ್ಫಿನ ವ್ಯವಸ್ಥೆ ಇಂದಿಗೂ ತಯಾರಾಗುತ್ತಿದೆ. ಹೊಸ ಭಾಗಗಳು ಹಳೆಯದಕ್ಕೆ ಕೂಡುತ್ತವೆ ಎಂಬುದೇ ಅದರ ಹೆಗ್ಗಳಿಕೆ. ಅದು ಬಹಳ ದುಬಾರಿಯ ಸಾಮಾನು, ನಾವು ಇಲ್ಲಿ ಹೇಳುತ್ತಿರುವ ಮಂದಿಗೆ ಎಟುಕುವುದಲ್ಲ. ಆದರೆ ಅದರ ತತ್ವ ಕಿರಾಣಿ ಅಂಗಡಿಯ ರ್ಯಾಕಿನಲ್ಲಿ ಸೋವಿಯಾಗಿಯೇ ಸಿಗುತ್ತದೆ. ಇದರ ಎದುರಿಗೆ ಆನ್‌ಲೈನಿನಲ್ಲಿ ಡಬ್ಬದಲ್ಲಿ ಬರುವ ಪಾರ್ಟಿಕಲ್ ಬೋರ್ಡಿನ ಕಪಾಟುಗಳನ್ನು ಇಟ್ಟು ನೋಡಿ. ಪ್ರತಿ ಕಂಪನಿಯ ತೂತು ಬೇರೆ, ಕೀಲು ಬೇರೆ. ಒಂದು ಹಲಗೆ ಮುರಿದರೆ ಅದೇ ಅಳತೆಯದು ಮತ್ತೆ ಸಿಗುವ ಭರವಸೆಯಿಲ್ಲ. ಕಟ್ಟಿಗೆಯ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯಲ್ಲಿ ಸ್ಕ್ರೂ ಮೊದಲ ಸಲ ಹಿಡಿದಷ್ಟು ಎರಡನೆಯ ಸಲ ಹಿಡಿಯುವುದಿಲ್ಲ, ಮೂರನೆಯ ಮನೆಗೆ ಹೋಗುವಷ್ಟರಲ್ಲಿ ತೂತು ಬಾಯಿ ಬಿಟ್ಟಿರುತ್ತದೆ. ಬಚ್ಚಲಿನ ಪಕ್ಕದ ಗೋಡೆಗೆ ಇಟ್ಟರೆ ನೀರು ಕುಡಿದು ಉಬ್ಬಿ ಮತ್ತೆ ಮೊದಲಿನಂತಾಗುವುದೇ ಇಲ್ಲ. ಇಕಿಯಾದ ಅಂಗಡಿಗಳು 2018ರಲ್ಲಿ ಹೈದರಾಬಾದಿಗೆ, 2020ರಲ್ಲಿ ನವಿ ಮುಂಬೈಗೆ, 2022ರಲ್ಲಿ ಬೆಂಗಳೂರಿನ ನಾಗಸಂದ್ರಕ್ಕೆ ಬಂದವು. ಆ ನಗರಗಳಲ್ಲೇ ಬಹುಕಾಲ ಇರುವವರಿಗೆ ಅಲ್ಲಿಯದೂ ಒಂದು ಆಯ್ಕೆಯೇ, ಬಿಡಿಭಾಗ ಅಲ್ಲಿ ಸಿಗುತ್ತವೆ. ಮುಂದಿನ ವರ್ಗಾವಣೆ ಉಮದಿಗೋ ಮಾಡಗ್ಯಾಳಕ್ಕೋ ಎಂದು ಗೊತ್ತಿಲ್ಲದ ಮಾಸ್ತರರಿಗೆ ಅಲ್ಲ.

ಭಾರದ ಲೆಕ್ಕವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಜತ್ತದ ಕಡೆಯ ಮನೆಯಲ್ಲಿ ಶೆಲ್ಫಿನ ಮೇಲೆ ಕೂಡುವುದು ಅಲಂಕಾರದ ಬೊಂಬೆಗಳಲ್ಲ. ಇದು ಮಳೆ ಕಡಿಮೆ ಇರುವ ನಾಡು, ಬರ ಬಿದ್ದ ವರ್ಷ ಬೇಸಿಗೆಯಲ್ಲಿ ಟ್ಯಾಂಕರಿನ ನೀರಿಗೆ ಕಾಯುವ ತಾಲ್ಲೂಕು. ನೀರು ಬಂದಾಗ ತುಂಬಿಡಬೇಕು. ಹದಿನೈದು ಲೀಟರಿನ ಒಂದು ಕೊಡ ತುಂಬಿದರೆ ನೀರೇ 15 ಕೆಜಿ. ಮೂರಡಿಯ ತಟ್ಟೆಯಲ್ಲಿ ಮೂರು ಕೊಡ ಇಟ್ಟರೆ 45 ಕೆಜಿ. ಮೂರಡಿ ಸಾಲಿನ ಪುಸ್ತಕಗಳೂ ಸುಮಾರು 25ರಿಂದ 30 ಕೆಜಿ ತೂಗುತ್ತವೆ. ಹಿಂಗಾರಿ ಜೋಳ ಫೆಬ್ರುವರಿ ಮಾರ್ಚಿನಲ್ಲಿ ಒಕ್ಕಣೆಯಾದಾಗ ವರ್ಷಕ್ಕೆ ಬೇಕಾದಷ್ಟನ್ನು ಒಮ್ಮೆಲೇ ಕೊಂಡಿಡುವ ರೂಢಿ ಇಲ್ಲಿ ನೌಕರದಾರರ ಮನೆಯಲ್ಲೂ ಇದೆ. ಇಂಥ ಭಾರಕ್ಕೆ ಹಲಗೆಯ ಉದ್ದವೇ ದೊಡ್ಡ ಶತ್ರು. ಒಂದೇ ಸಮ ಹರಡಿದ ಭಾರದಲ್ಲಿ ಹಲಗೆ ಎಷ್ಟು ಬಾಗುತ್ತದೆ ಎಂಬುದು ಉದ್ದದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಮೂರಡಿಯ ಹಲಗೆಯನ್ನು ನಾಲ್ಕೂವರೆ ಅಡಿಗೆ ಒಯ್ದರೆ, ಅಡಿಗಿಷ್ಟು ಎಂಬ ಭಾರ ಅಷ್ಟೇ ಇದ್ದರೂ ಬಾಗು ಐದು ಪಟ್ಟಾಗುತ್ತದೆ. ಅದರ ಬದಲು ದಪ್ಪವನ್ನು ಇಮ್ಮಡಿ ಮಾಡಿದರೆ ಬಾಗು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಮೂರಡಿಗಿಂತ ಉದ್ದದ ತಟ್ಟೆ ಮನೆಗೆ ಬೇಡ. ತಗಡಿನ ತಟ್ಟೆ ತೆಳುವಾದರೂ ಭಾರ ಹೊರುವುದು ಅದರ ಮಡಚಿದ ಅಂಚಿನಿಂದ. ಅಂಚು ಒಂದೇ ಮಡಿಕೆಯದೋ ಎರಡು ಮಡಿಕೆಯದೋ ಎಂದು ಬೆರಳಿನಿಂದ ಮುಟ್ಟಿ ನೋಡಿಯೇ ಕೊಳ್ಳಬೇಕು. ಗೇಜಿನ ಅಂಕಿ ದೊಡ್ಡದಾದಷ್ಟು ತಗಡು ತೆಳು ಎಂಬುದು ನೆನಪಿರಲಿ: 22 ಗೇಜು ಬಟ್ಟೆಗೆ, ಡಬ್ಬಿಗೆ ಸಾಕು, ಪುಸ್ತಕಕ್ಕೂ ಕೊಡಕ್ಕೂ 20 ಅಥವಾ 18 ಬೇಕು. ಜೋಳದ ಚೀಲವನ್ನು ಮಾತ್ರ ಯಾವ ತಟ್ಟೆಯ ಮೇಲೂ ಇಡಬಾರದು. ಕೆಳಗಿನ ತಟ್ಟೆಯನ್ನು ಮೊದಲು ಎರಡೂವರೆ ಅಡಿ ಮೇಲಕ್ಕೆ ಕೂಡಿಸಿ, ಅದರ ಕೆಳಗೆ ನೆಲದ ಮೇಲೆ ಕಟ್ಟಿಗೆಯ ಹಲಗೆ ಹಾಕಿ, ಗೋಡೆಯಿಂದ ಗೇಣು ಬಿಟ್ಟು ಚೀಲ ನಿಲ್ಲಿಸುವುದು ಸರಿ. ಹಿಂದೆ ಗಾಳಿ ಆಡುತ್ತದೆ, ಗೋಡೆಯ ವರಲೆ ಚೀಲಕ್ಕೆ ತಾಕುವುದಿಲ್ಲ, ಕಸಬರಿಗೆ ಆಡಿಸಲು ಜಾಗ ಇರುವುದರಿಂದ ಚೇಳು ಸೇರುವ ಭಯವೂ ಕಡಿಮೆ. ಚೀಲ ಖಾಲಿಯಾದಾಗ ತಟ್ಟೆ ಕೆಳಗಿಳಿಸಲು ಎಂಟು ಬೋಲ್ಟು ಬಿಚ್ಚಿದರಾಯಿತು. ಮಾಲೀಕರು ಕಟ್ಟಿಸಿಕೊಟ್ಟ ಕಡಪಾ ಕಲ್ಲಿನ ಕಪಾಟಿನಲ್ಲಿ ಇದು ಆಗದ ಮಾತು. ಅದರ ಖಾನೆಗಳ ಎತ್ತರ ಬೇರೆ ಯಾರದೋ ಭಾಂಡೆಗಳ ಲೆಕ್ಕದಲ್ಲಿ ಕಟ್ಟಿದ್ದು.

ಇದಕ್ಕಿಂತ ಸೋವಿ ದಾರಿ ಬೇಕೆನ್ನುವವರಿಗೆ ಇಲ್ಲಿಯದೇ ಒಂದು ಇದೆ. ದ್ರಾಕ್ಷಿ, ದಾಳಿಂಬೆ ಬೆಳೆಯುವ ತಾಲ್ಲೂಕಿನಲ್ಲಿ ಹಣ್ಣು ತುಂಬುವ ಪ್ಲಾಸ್ಟಿಕ್ ಕ್ರೇಟಿಗೆ ಬರವಿಲ್ಲ, ಬಳಸಿದವು ಕಡಿಮೆ ಬೆಲೆಗೆ ಸಿಗುತ್ತವೆ. ಒಂದರ ಮೇಲೊಂದು ಕೂಡುವಂತೆ ಒಂದೇ ಅಳತೆಯಲ್ಲಿ ಮಾಡಿದ್ದು, ಗಾಳಿಯಾಡುತ್ತದೆ, ತೊಳೆಯಲು ಬರುತ್ತದೆ, ಮನೆ ಬಿಡುವಾಗ ಅದೇ ಸಾಮಾನು ತುಂಬುವ ಪೆಟ್ಟಿಗೆಯೂ ಆಗುತ್ತದೆ. ಓದುವ ಹುಡುಗರ ಖೋಲಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗಿಲ್ಲ ಎಂದೇ ನನ್ನ ಅಭಿಪ್ರಾಯ. ಒಂದು ಎಚ್ಚರ ಮಾತ್ರ. ಕ್ರೇಟು ಭಾರ ಹೊರುವಂತೆ ಮಾಡಿದ್ದು ಬಾಯಿ ಮೇಲಾಗಿ ನಿಂತಾಗ, ಅದರ ನಾಲ್ಕು ಮೂಲೆಯ ಕಂಬಗಳಿಂದ. ಶೆಲ್ಫಿನಂತೆ ಬಳಸಲು ಅಡ್ಡ ಮಲಗಿಸಿದಾಗ ಭಾರ ಬೀಳುವುದು ಜಾಲಿಯಂಥ ಬದಿಗಳ ಮೇಲೆ. ಅಡ್ಡ ಮಲಗಿಸಿದರೆ ಮೂರಕ್ಕಿಂತ ಎತ್ತರ ಬೇಡ, ಪಕ್ಕದ ಕ್ರೇಟಿಗೆ ತಂತಿಯಿಂದ ಬಿಗಿದು ಕಟ್ಟಬೇಕು, ಬಟ್ಟೆ, ವಹಿಗಳಂಥ ಹಗುರ ಸಾಮಾನಷ್ಟೇ ಇಡಬೇಕು.

ರ್ಯಾಕಿನ ಮೇಲಿನ ಮೊದಲ ಆಕ್ಷೇಪ ಚೆಂದದ್ದು: ಮನೆ ಗೋಡೌನಿನಂತೆ ಕಾಣುತ್ತದೆ ಎಂಬುದು. ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಎರಡೇ ಖೋಲಿಯ ಮನೆಯಲ್ಲಿ ಬಂದವರು ಕೂಡುವುದೂ ಅಲ್ಲೇ, ಸಾಮಾನು ಇರುವುದೂ ಅಲ್ಲೇ. ಬಾಡಿಗೆಗೆ ಇರುವವರಿಗೂ ತಮ್ಮ ಮನೆ ಮನೆಯಂತೆ ಕಾಣಬೇಕೆಂಬ ಆಸೆ ನ್ಯಾಯವಾದದ್ದು. ಆದರೆ ಬೂದು ಬಣ್ಣವೇ ಗತಿ ಎಂದೇನಿಲ್ಲ. ಬಿಡಿಬಿಡಿಯಾಗಿರುವಾಗಲೇ ಕಂಬ ತಟ್ಟೆಗಳಿಗೆ ಬೇಕಾದ ಬಣ್ಣ ಹೊಡೆಸಬಹುದು, ತಟ್ಟೆಯ ಮೇಲೆ ಪ್ಲೈವುಡ್ಡಿನ ಹಲಗೆ ಕೂಡಿಸಿದರೆ ತಗಡು ಕಾಣುವುದೂ ಇಲ್ಲ, ಸದ್ದೂ ಇಲ್ಲ. ಮುಂದಿನ ಎರಡು ಕಂಬಗಳ ಮೇಲಿನ ತೂತಿಗೇ ತಂತಿ ಎಳೆದು ಹಳೆಯ ಇಳಕಲ್ ಸೀರೆಯ ಪರದೆ ಇಳಿಬಿಟ್ಟರೆ ಧೂಳೂ ತಡೆಯುತ್ತದೆ. ಈ ಸೀಮೆಯ ಬೇಸಿಗೆಯ ಧೂಳಿಗೆ ಪರದೆ ಹೇಗೂ ಬೇಕು. ಎರಡು ರ್ಯಾಕನ್ನು ಬೆನ್ನಿಗೆ ಬೆನ್ನು ಕೊಟ್ಟು ಖೋಲಿಯ ನಡುವೆ ನಿಲ್ಲಿಸಿದರೆ ಅಡುಗೆಯ ಜಾಗಕ್ಕೂ ಕೂಡುವ ಜಾಗಕ್ಕೂ ನಡುವೆ ಮರೆಯಾಗುತ್ತದೆ.

ಎರಡನೆಯ ಆಕ್ಷೇಪ ಖರ್ಚಿನದು, ಅದರ ಜೊತೆಗೇ ಕಪಾಟಿನದು. ಗೋದ್ರೆಜ್ ಕಂಪನಿ 1923ರಿಂದಲೇ ಉಕ್ಕಿನ ಕಪಾಟು ಮಾಡುತ್ತಿದೆ. ಮದುವೆಯಲ್ಲಿ ಕಪಾಟು ಕೊಡುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಕೀಲಿ ಬೇಕಾದ ಸಾಮಾನಿಗೆ ಕಪಾಟೇ ಬೇಕು, ಆ ಮಾತಿಗೆ ಎದುರಿಲ್ಲ. ಆದರೆ ಆರೂವರೆ ಅಡಿ ಎತ್ತರ, ಮೂರಡಿ ಅಗಲದ ಒಂದೇ ತುಂಡಿನ ಕಪಾಟನ್ನು ತಲೆ ಬಗ್ಗಿಸಿ ಹೋಗುವ ಹಳೆಯ ಬಾಗಿಲಿನಲ್ಲಿ ಓರೆ ಮಾಡಿ ನುಗ್ಗಿಸಲು ನಾಲ್ವರು ಬೇಕು. ಪ್ರತಿ ವರ್ಗಾವಣೆಗೆ ಒಂದೊಂದು ಮೂಲೆ ನೆಗ್ಗುತ್ತದೆ, ಬಾಗಿಲು ಕೂಡದಂತಾಗುತ್ತದೆ. ಬಿಚ್ಚಿದ ರ್ಯಾಕು ಎಂದರೆ ಕಂಬಗಳ ಒಂದು ಕಟ್ಟು, ತಟ್ಟೆಗಳ ಒಂದು ಗಂಟು, ಬೋಲ್ಟಿನ ಒಂದು ಚೀಲ. ಛೋಟಾ ಹಾಥಿ ಎನ್ನುವ ಸಣ್ಣ ಗಾಡಿಯ ಸುಮಾರು ಏಳಡಿ ಉದ್ದದ ತೊಟ್ಟಿಯಲ್ಲಿ ಆರಡಿಯ ಕಂಬಗಳು ಮಲಗುತ್ತವೆ, ಅದರ ಮೇಲೆ ಹಾಸಿಗೆ ಬರುತ್ತದೆ. ಮೊದಲ ಬೆಲೆಯಲ್ಲಿ ಅದು ಪ್ಲಾಸ್ಟಿಕ್ ಸ್ಟ್ಯಾಂಡಿಗಿಂತ ದುಬಾರಿ, ನಿಜ. ಆದರೆ ಬಾಡಿಗೆದಾರರು ಬೆಲೆಯನ್ನು ಮನೆಗಳ ಸಂಖ್ಯೆಯಿಂದ ಭಾಗಿಸಿ ನೋಡಬೇಕು. ಎರಡನೆಯ ಮನೆಗೆ ಬರುವಾಗಲೇ ಕಾಲು ಮುರಿಯುವ ಸ್ಟ್ಯಾಂಡು, ಮೂರನೆಯ ಮನೆಯಲ್ಲಿ ಉಬ್ಬುವ ಬೋರ್ಡು ಇವುಗಳ ಮುಂದೆ, ಐದು ಮನೆ ಕಂಡ ಮೇಲೂ ಅಂಗಡಿಯವರು ಹಳೆಯದೆಂದು ಕೊಳ್ಳಲು ಸಿದ್ಧರಿರುವ ವಸ್ತು ತುಟ್ಟಿಯಲ್ಲ. ಒಮ್ಮೆಲೇ ಕೊಳ್ಳಬೇಕೆಂದೂ ಇಲ್ಲ: ಈ ವರ್ಷ ನಾಲ್ಕು ಕಂಬ ಮೂರು ತಟ್ಟೆ, ಮುಂದಿನ ವರ್ಷ ಇನ್ನೆರಡು.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಗೋಡೆಗೆ ಕೂಡಿಸದ ಎತ್ತರದ ಸಾಮಾನು ಮಕ್ಕಳ ಮೇಲೆ ಬೀಳುತ್ತದೆ. ಅಮೆರಿಕದಲ್ಲಿ ಡ್ರಾಯರಿನ ಕಪಾಟುಗಳು ಮಗುಚಿ ಮಕ್ಕಳು ಸತ್ತ ಮೇಲೆ 2016ರಲ್ಲಿ ಇಕಿಯಾ ಅಲ್ಲಿ 2.9 ಕೋಟಿ ಕಪಾಟುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಇಂಥ ಸಾಮಾನು ಮಗುಚದಂತೆ ಇರಬೇಕೆಂದು 2022ರ ಕೊನೆಗೆ ಅಲ್ಲಿ ಕಾನೂನೇ ಆಯಿತು. ಗೋಡೆ ಮುಟ್ಟಬೇಡಿ ಎಂದು ಹೇಳುವ ನಾನು ಇದಕ್ಕೆ ಉತ್ತರ ಕೊಡಲೇಬೇಕು. ಮಗು ಮೊದಲು ಕಾಲಿಡುವುದು ಕೆಳಗಿನ ತಟ್ಟೆಯ ಮೇಲೆ, ಮೇಲಕ್ಕೆ ಕೈ ಚಾಚುವುದು ಡಬ್ಬಿಗೆ. ಆಗ ರ್ಯಾಕು ಮುಂದಕ್ಕೆ ಬಾರದಂತೆ ಹಿಡಿಯುವುದು ತಳದ ಅಗಲ ಮತ್ತು ತಳದ ಭಾರ. ಚಿಕ್ಕ ಮಕ್ಕಳಿರುವ ಮನೆಗೆ ಆರಡಿಯ ರ್ಯಾಕು ಬೇಡ, ನಾಲ್ಕಡಿಯ ಎರಡು ತನ್ನಿ. ಹನ್ನೆರಡು ಇಂಚಿನ ಆಳ ಬೇಡ, ಹದಿನೆಂಟು ತನ್ನಿ. ಎರಡನ್ನೂ ಪಕ್ಕಪಕ್ಕಕ್ಕೆ ನಿಲ್ಲಿಸಿ ತೂತಿಗೆ ತೂತು ಕೂಡಿಸಿ ಬೋಲ್ಟು ಹಾಕಿ. ಸಾಧ್ಯವಿದ್ದರೆ ಮೂಲೆಯಲ್ಲಿ ಎಲ್ ಆಕಾರಕ್ಕೆ ಕೂಡಿಸಿ, ಒಂದು ಮುಂದಕ್ಕೆ ವಾಲಬೇಕಾದರೆ ಇನ್ನೊಂದನ್ನು ಅಡ್ಡಕ್ಕೆ ಎಳೆಯಬೇಕಾಗುತ್ತದೆ. ತುಂಬಿದ ಕೊಡ ಕೆಳಗೇ ಇರಲಿ, ಕೊಡ ಖಾಲಿಯಾದಾಗಲೂ ತಳದಲ್ಲಿ ಭಾರ ಇರುವಂತೆ ಕೆಳಗಿನ ತಟ್ಟೆಗೆ ಒಂದು ಶಹಾಬಾದಿ ಕಲ್ಲು ಹಾಸಿ. ಮಗುವಿಗೆ ಬೇಕೆನಿಸುವ ಯಾವುದನ್ನೂ ಮೇಲಿಡಬೇಡಿ. ಇಷ್ಟೆಲ್ಲ ಮಾಡಿದರೂ ಗೋಡೆಗೆ ಒಂದು ಕೊಂಡಿ ಕೊಡುವ ಭದ್ರತೆಗೆ ಇದು ಸಮವಲ್ಲ. ಆದ್ದರಿಂದ ನನ್ನ ನಿಯಮಕ್ಕೆ ನಾನೇ ಒಂದು ವಿನಾಯಿತಿ ಕೊಡುತ್ತೇನೆ. ಮಕ್ಕಳಿರುವ ಮನೆಯಲ್ಲಿ ಮಾಲೀಕರನ್ನು ಕೇಳಿ, ಕರಾರಿನಲ್ಲಿ ಒಂದು ಸಾಲು ಬರೆಸಿ, ರ್ಯಾಕಿನ ತಲೆಯನ್ನು ಎರಡು ಕಡೆ ಗೋಡೆಗೆ ಕೂಡಿಸಬೇಕು. ಅಲ್ಲಿ ಸ್ಕ್ರೂ ಭಾರ ಹೊರುವುದಿಲ್ಲ, ವಾಲದಂತೆ ಹಿಡಿಯುತ್ತದೆ ಅಷ್ಟೇ. ಕಲ್ಲು ಮಣ್ಣಿನ ಗೋಡೆಯೂ ಕಲ್ಲಿನ ಮೈಯಲ್ಲೇ ತೂತು ಕೊರೆದರೆ ಅಷ್ಟು ಎಳೆತವನ್ನು ತಾಳುತ್ತದೆ.

ಮಾಲೀಕರು ಎರಡು ತೂತಿಗೆ ಏಕೆ ಒಪ್ಪಬೇಕು ಎಂದರೆ, ಒಪ್ಪದಿದ್ದರೆ ಅವರ ಗೋಡೆಗೆ ಕೇಳದೆ ಬೀಳುವ ಮೊಳೆಗಳು ಎರಡಕ್ಕಿಂತ ಹೆಚ್ಚು. ಬಾಡಿಗೆಗೆಂದೇ ಹೊಸ ಖೋಲಿ ಕಟ್ಟಿಸುವವರು ಸಂಖದಲ್ಲೂ ಜತ್ತದಲ್ಲೂ ಇದ್ದಾರೆ. ಅವರಿಗೆ ಇನ್ನೂ ಸುಲಭದ ದಾರಿಯಿದೆ. ಗಿಲಾವು ಮಾಡಿಸುವ ಮೊದಲೇ ಪ್ರತಿ ಖೋಲಿಯ ಒಂದು ಗೋಡೆಗೆ, ರ್ಯಾಕಿನ ತಲೆ ಮುಟ್ಟುವ ಎತ್ತರದಲ್ಲಿ, ಗೋಡೆಯುದ್ದಕ್ಕೂ ಮೂರಿಂಚಿನ ಒಂದು ಕಟ್ಟಿಗೆಯ ಪಟ್ಟಿಯನ್ನು ಗಟ್ಟಿಯಾಗಿ ಕೂಡಿಸಬಹುದು. ಹಾಲಿನಲ್ಲಿ, ಅಡುಗೆಮನೆಯಲ್ಲಿ ಒಂದೊಂದು ಪಟ್ಟಿ ಸಾಕು. ಬಂದವರು ತಮ್ಮ ರ್ಯಾಕಿನ ತಲೆಯನ್ನು ಆ ಪಟ್ಟಿಗೆ ಸ್ಕ್ರೂ ಮಾಡುತ್ತಾರೆ, ಹೋಗುವಾಗ ಬಿಚ್ಚುತ್ತಾರೆ. ತೂತು ಬೀಳುವುದು ಪಟ್ಟಿಗೆ, ಗೋಡೆಗಲ್ಲ. ಪಟ್ಟಿ ಹಳತಾದರೆ ಅದೊಂದನ್ನೇ ಬದಲಿಸಬಹುದು. ಕಡಪಾ ಕಲ್ಲಿನ ಒಂದು ಕಪಾಟು ಕಟ್ಟಿಸುವ ಖರ್ಚಿನ ಸಣ್ಣ ಪಾಲಿನಲ್ಲಿ ಇದು ಆಗುತ್ತದೆ. ಮನೆ ನೋಡಲು ಬಂದ ನರ್ಸಿಗೆ, ಮಾಸ್ತರರಿಗೆ ‘ಮೊಳೆ ಹೊಡೆಯಬೇಡಿ’ ಎಂದು ಹೇಳುವ ಮೊದಲು ಆ ಪಟ್ಟಿಯನ್ನು ತೋರಿಸಲೂ ಬರುತ್ತದೆ.